ಗೈಬುಸಾಬನ ಹತ್ತಿಕೋಳಿ

ಶಾಜಾದಿ ಇನ್ನಿಲ್ಲವೆಂಬುದು ಮನಗೂಳಿಯ ಆ ಓಣಿಗೆ ತಿಳಿದದ್ದು ಒಂದು ಶುಕ್ರವಾರ ಬೆಳಿಗ್ಗೆ, ಹಾಲು ಕಾಯಿಸುವ ಹೊತ್ತಿಗೆ. ಶಾಜಾದಿ ಎಂದರೆ ಗಾದಿ ಹೊಲಿಯುವ ಗೈಬುಸಾಬನ ಮನೆಯ ಬಿಳಿಯ ಹೇಂಟೆ. ದಿನ ತಪ್ಪದೆ ತತ್ತಿಯಿಟ್ಟವಳು; ಯಾರ ಮನೆಯ ಕಾಳಿಗೂ ಬಾಯಿ ಹಾಕಿದವಳಲ್ಲ. ಹೋಗುವಾಗ ಹಿತ್ತಲಲ್ಲಿ ನಾಲ್ಕು ಪುಕ್ಕಗಳನ್ನು ಬಿಟ್ಟುಹೋಗಿದ್ದಳು. ದೇವರು ಕೊಟ್ಟ ಜೀವವನ್ನು ದೇವರೇ ಒಯ್ಯುತ್ತಾನೆ, ಅದಕ್ಕೆ ಯಾರದೂ ತಕರಾರಿಲ್ಲ. ಆದರೆ ಈ ಸಲ ಒಯ್ಯುವ ಕೆಲಸಕ್ಕೆ ಯಾರು ಬಂದಿದ್ದರೆಂಬುದು ಗೈಬುಸಾಬನ ಹೆಂಡತಿ ಬಿಬಿಜಾನಳಿಗೆ ಚೆನ್ನಾಗಿ ಗೊತ್ತಿತ್ತು.

“ಐದ ಇದ್ದೂರಿ, ಐದ!” ಎಂದು ಆಕೆ ಎದೆ ಬಡಿದುಕೊಂಡಳು. “ರಹಿಮಾನ ಬಾಣಂತನಕ್ಕಂತ ಐದ ಹ್ಯಾಟಿ ಜ್ವಾಪಾನ ಮಾಡಿದ್ದೆ. ಈಗ ನಾಕು! ಬಾಜೂ ಮನಿ ನಾಯೀದ ಕೆಲಸ ಇದು. ಹೋಗ್ರಿ, ಹೋಗಿ ಮಡಿವಾಳಣ್ಣನ್ನ ಕೇಳ್ರಿ!”

ರಹಿಮಾಬಿ ಅವರ ಒಬ್ಬಳೇ ಮಗಳು. ಸಿಂದಗಿಯ ಕಡೆ ಕನ್ನೊಳ್ಳಿಗೆ ಕೊಟ್ಟಿದ್ದರು. ಬರುವ ತಿಂಗಳು ಚೊಚ್ಚಲ ಹೆರಿಗೆಗೆ ತವರಿಗೆ ಬರುವವಳಿದ್ದಳು. ಹೆತ್ತವಳಿಗೆ ವಾರಕ್ಕೊಂದು ಕೋಳಿಯ ಬಿಸಿ ಸಾರು ಕುಡಿಸಿದರೆ ಮಾತ್ರ ಸೊಂಟ ಗಟ್ಟಿಯಾಗುತ್ತದೆಂಬುದು ಬಿಬಿಜಾನಳ ನಂಬಿಕೆ. ಅದಕ್ಕೇ ಐದು ವಾರಕ್ಕೆ ಐದು ಹೇಂಟೆ. ಲೆಕ್ಕ ಸರಿಯಾಗಿತ್ತು. ಆ ಲೆಕ್ಕ ನಾಯಿಗೆ ತಿಳಿಸಿದವರಿರಲಿಲ್ಲ, ಅಷ್ಟೇ.

ಗೈಬುಸಾಬ ಪುಕ್ಕಗಳನ್ನು ಕೈಯಲ್ಲಿ ಹಿಡಿದು ಹೊರಟ. ಹೋಗುವಾಗ ಆಡಬೇಕಾದ ಮಾತುಗಳನ್ನು ಗಟ್ಟಿಯಾಗಿ ಬಾಯಿಪಾಠ ಮಾಡಿದ. ಮಾತುಗಳು ಬಲು ಖಾರವಾಗಿದ್ದವು. ಆದರೆ ಅವನ ಮಾತಿನ ಖಾರ ಅವನ ಹೊಸ್ತಿಲಿನಿಂದ ಮಡಿವಾಳಪ್ಪನ ಹೊಸ್ತಿಲಿಗೆ ಬರುವಷ್ಟರಲ್ಲಿ ಇಳಿದುಹೋಗುತ್ತಿತ್ತು. ಮೂವತ್ತು ವರ್ಷದಿಂದ ಹಾಗೆಯೇ.

ಮಡಿವಾಳಪ್ಪ ಕಟ್ಟೆಯ ಮೇಲೆ ವಿಭೂತಿ ಹಚ್ಚಿಕೊಂಡು ಕುಳಿತಿದ್ದ. ಪಕ್ಕದಲ್ಲಿ ಅವನ ನಾಯಿ ಮಲಗಿತ್ತು. ಕಂದು ಬಣ್ಣದ ದೊಡ್ಡ ನಾಯಿ. ಹಣೆಯ ಮೇಲೆ ಹುಟ್ಟುತ್ತಲೇ ಬಂದ ಮೂರು ಬಿಳಿ ಗೆರೆ. ಆ ಗೆರೆಗಳನ್ನು ಕಂಡೇ ಮಡಿವಾಳಪ್ಪ ಅದಕ್ಕೆ ಸಾಧು ಎಂದು ಹೆಸರಿಟ್ಟಿದ್ದ. ಹೆಸರಿಟ್ಟ ಮೇಲೆ ಸುಮ್ಮನಿರಲಿಲ್ಲ. ಸಾಧು ರೊಟ್ಟಿ ಮಜ್ಜಿಗೆ ಬಿಟ್ಟು ಬೇರೆ ಏನನ್ನೂ ಮುಟ್ಟುವುದಿಲ್ಲವೆಂದು ಓಣಿಗೆ ಹೇಳಿದ. ಪೂಜೆಯ ಗಂಟೆ ಬಾರಿಸುವ ತನಕ ಸಾಧು ತುತ್ತು ಎತ್ತುವುದಿಲ್ಲವೆಂದು ಸಂತೆಯಲ್ಲಿ ಹೇಳಿದ. ಸಂತೆಗೆ ಬಂದವರು ಬಾಯಿ ತೆರೆದು ಕೇಳುತ್ತಾರೆಂದು ಗೊತ್ತಾದ ಮೇಲೆ ಸಾಧು ಶ್ರಾವಣ ಸೋಮವಾರ ಒಪ್ಪತ್ತು ಮಾಡುತ್ತದೆಂದೂ ಹೇಳಿಬಿಟ್ಟ.

“ಮಡಿವಾಳಣ್ಣ,” ಎಂದ ಗೈಬುಸಾಬ, “ನಿನ್ನ ನಾಯಿ...”

“ನೋಡು, ನೋಡು! ಹ್ಯಾಂಗ ಮಲಗೇತಿ. ಅಗದಿ ಜಪಕ್ಕ ಕುಂತಂಗ.”

“ಅದು ಖರೆ. ಆದ್ರ ನಮ್ಮ ಶಾಜಾದಿ...”

“ಕೋಳಿ? ನಮ್ಮ ಸಾಧು?” ಮಡಿವಾಳಪ್ಪ ಕಿವಿ ಮುಚ್ಚಿಕೊಂಡ. “ಗೈಬಣ್ಣ, ಇನ್ನೊಮ್ಮೆ ಅನಬ್ಯಾಡ. ಅದಕ್ಕ ಕೇಳಿಸಿದ್ರ ಮನಸಿಗೆ ಹಚ್ಚಿಕೊಂಡು ಮಧ್ಯಾಹ್ನ ಉಣ್ಣಂಗಿಲ್ಲ.”

“ಅಲ್ಲೋ, ಇಲ್ಲಿ ನೋಡು. ಪುಚ್ಚ. ನಿಮ್ಮ ಅಂಗಳದಾಗೂ ಎರಡ ಬಿದ್ದಾವ.”

ಮಡಿವಾಳಪ್ಪ ಪುಕ್ಕವನ್ನು ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಗೈಬುಸಾಬನನ್ನು ಮೇಲಿನಿಂದ ಕೆಳಗೆ ನೋಡಿದ. ದಿನವಿಡೀ ಹತ್ತಿ ಹಿಂಜುವವನ ಟೊಪ್ಪಿಗೆ, ಹುಬ್ಬು, ಗಡ್ಡ ಎಲ್ಲ ಕಡೆ ಬಿಳಿಯ ಎಳೆ ಅಂಟಿದ್ದವು.

“ಇದು ಹತ್ತಿ,” ಎಂದ. “ನಿನ್ನ ಹತ್ತಿ ಹಾರಿ ನಮ್ಮ ಅಂಗಳಕ್ಕ ಬರೂದು ಇವತ್ತಿಂದಲ್ಲ.”

ಗೈಬುಸಾಬ ತನ್ನ ಕೈಯನ್ನು ನೋಡಿಕೊಂಡ. ನಾಲ್ಕು ಪುಕ್ಕಗಳ ಜೊತೆಗೆ ನಿಜವಾಗಿ ಹತ್ತಿಯೂ ಇತ್ತು. ಅವನಿಗೆ ತನ್ನ ಮೇಲೆಯೇ ಅನುಮಾನ ಹುಟ್ಟಿತು. ಅಷ್ಟರಲ್ಲಿ ಮಡಿವಾಳಪ್ಪನ ಹೆಂಡತಿ ಹೊನ್ನವ್ವ ಒಳಗಿನಿಂದ, “ಗೈಬಣ್ಣ, ಇವತ್ತ ಬೆಣ್ಣಿ ತಗದೇನಿ. ಮಜ್ಜಿಗಿ ಒಯ್ಯಿ,” ಎಂದು ತಂಬಿಗೆ ತಂದುಕೊಟ್ಟಳು. ಕೊಟ್ಟದ್ದನ್ನು ಬೇಡವೆನ್ನುವುದು ಯಾವ ಧರ್ಮದಲ್ಲಿಯೂ ಇಲ್ಲ.

ತಂಬಿಗೆ ಹಿಡಿದು ಬಂದ ಗಂಡನನ್ನು ಬಿಬಿಜಾನ ಬಾಗಿಲಲ್ಲೇ ತಡೆದಳು. “ನ್ಯಾಯ ತರಾಕ ಹೋದವರು ಮಜ್ಜಿಗಿ ತಂದ್ರಿ?”

“ಅದು ಹತ್ತಿ ಇರಬೋದಂತ.”

“ಹತ್ತಿ ತತ್ತಿ ಇಡತಿತ್ತೇನ್ರಿ?”

ಈ ಪ್ರಶ್ನೆ ಹೊತ್ತುಕೊಂಡು ಮರುದಿನ ಗೈಬುಸಾಬ ಚಾವಡಿಗೆ ಹೋಗಬೇಕಾಯಿತು.

ಊರ ಗೌಡ ಬಸಂತರಾಯ ವಯಸ್ಸಾದವರು, ನ್ಯಾಯಸ್ಥರು. ಯಾವ ನ್ಯಾಯವನ್ನೇ ಆಗಲಿ ತಪಕೀರು ಮೂಗಿಗೇರಿಸದೆ ಹೇಳಿದವರಲ್ಲ. ಎರಡೂ ಕಡೆಯವರನ್ನು ಎದುರಿಗೆ ಕೂಡಿಸಿ, ಪುಕ್ಕಗಳನ್ನು ಅಂಗೈಯಲ್ಲಿ ಇರಿಸಿಕೊಂಡು, ಕಣ್ಣಿನ ಹತ್ತಿರ ತಂದರು.

“ಇದು ಪುಚ್ಚ ಅಂತ ನೀ ಅಂತಿ.”

“ಹೌದ್ರಿ ಗೌಡರ.”

“ಇದು ಹತ್ತಿ ಅಂತ ನೀ ಅಂತಿ.”

“ಅಗದಿ ಹತ್ತೀರಿ ಗೌಡರ,” ಎಂದ ಮಡಿವಾಳಪ್ಪ.

“ಇಬ್ಬರೂ ಸುಮ್ನ ಕುಂದರ್ರಿ. ನಾ ನೋಡಿ ಹೇಳ್ತೇನಿ,” ಎಂದು ಗೌಡರು ಡಬ್ಬಿ ತೆಗೆದು ಒಂದು ಚಿಟಿಕೆ ತಪಕೀರು ಏರಿಸಿದರು. ಆಮೇಲೆ ಗೌಡರು ಸೀನಿದರು. ಆ ಸೀನಿಗೆ ಕಂಬದ ಮೇಲಿನ ಗುಬ್ಬಿಗಳು ಎದ್ದುಹೋದವು. ಗೈಬುಸಾಬನ ಟೊಪ್ಪಿಗೆಯ ಮೇಲಿನ ಹತ್ತಿಯೂ ಗೌಡರ ಅಂಗೈಯ ಮೇಲಿನ ಪುಕ್ಕಗಳೂ ಕೂಡಿಯೇ ಹಾರಿ ಚಾವಡಿಯ ತುಂಬ ತೇಲಾಡಿದವು.

ಗೈಬುಸಾಬ ಎದ್ದು ಕೈ ಚಾಚಿ ಹಿಡಿಯತೊಡಗಿದ. ಸಾಕ್ಷಿ ಹಿಡಿಯುವ ಗಡಿಬಿಡಿಯಲ್ಲಿ ಗೌಡರ ಕಾಲು ತುಳಿದ. ಹಿಡಿದು ತಂದು ತೋರಿಸಿದ್ದು ಮೂರೂ ಹತ್ತಿಯ ಎಳೆಗಳೇ.

“ಹತ್ತೀನ,” ಎಂದು ಗೌಡರು ಕಾಲು ಒತ್ತಿಕೊಳ್ಳುತ್ತ ತೀರ್ಪು ಕೊಟ್ಟರು. “ಗೈಬು, ಇನ್ನ ಮ್ಯಾಲ ನೀ ಹಿಂಜೂಮುಂದ ತಟ್ಟಿನ ಪಡದೆ ಕಟ್ಟಬೇಕು. ಊರಾಗ ಹತ್ತಿ ಹಾರಿಸಿ ನಾಯಿ ಹೆಸರ ಕೆಡಸೂದು ಛಲೋ ಅಲ್ಲ.”

ಹೀಗೆ ಕೋಳಿ ಕಳೆದುಕೊಂಡವನೇ ಗೋಣಿತಟ್ಟು ಹುಡುಕುತ್ತ ಮನೆಗೆ ಬಂದ. ಆ ದಿನ ಹೊನ್ನವ್ವ ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾದ ಹಿಂಡಿ ಕೊಟ್ಟು ಕಳಿಸಿದ್ದಳು. ಬಿಬಿಜಾನ ಹಿಂಡಿಯನ್ನು ಒಳಗಿಟ್ಟು, ಉಳಿದ ನಾಲ್ಕು ಹೇಂಟೆಗಳನ್ನು ಮತ್ತೊಮ್ಮೆ ಎಣಿಸಿದಳು. ಆಕೆ ಎಣಿಸತೊಡಗಿದರೆ ಗೈಬುಸಾಬನಿಗೆ ಅಂಜಿಕೆ.

ಬುಧವಾರ ಅವನು ಹಿತ್ತಲಿಗೆ ಬೇಲಿ ಹಾಕಲು ನಿಂತ. ಹಳ್ಳದ ದಂಡೆಯಿಂದ ಎರಡು ಹೊರೆ ಜಾಲಿಮುಳ್ಳು ತಂದ. ಕೆಲಸದಲ್ಲಿ ಅವನು ಅಚ್ಚುಕಟ್ಟು. ಗಾದಿಗೆ ಹೊಲಿಗೆ ಹಾಕಿದ ಹಾಗೆ ಒಂದು ಕೊಂಬೆಗೆ ಇನ್ನೊಂದು ಕೊಂಬೆ ಹೆಣೆಯುತ್ತ ಹೋದ. ಇರುವೆಗೂ ಸಂದಿ ಉಳಿಯಲಿಲ್ಲ. ಸುತ್ತ ಮುಗಿಸಿ, ಬೆವರು ಒರೆಸಿಕೊಂಡು, ತಾನು ಒಳಗೆ ಉಳಿದಿರುವುದನ್ನು ಕಂಡ. ಮನೆಯ ಹಿಂಬಾಗಿಲಿಗೂ ಮುಳ್ಳು ಜಡಿದಿತ್ತು. ಕೋಳಿಗಳು ಮಾತ್ರ ಹೊರಗೆ, ಅಂಗಳದಲ್ಲಿದ್ದವು.

“ಬಿಬಿ! ಏ ಬಿಬಿ!”

ಬಿಬಿಜಾನ ನೀರಿಗೆ ಹೋಗಿದ್ದಳು. ಉಳಿದ ದಾರಿ ಒಂದೇ. ಗೈಬುಸಾಬ ಎರಡೂ ಮನೆಯ ನಡುವಿನ ಮೋಟುಗೋಡೆಯನ್ನು ಮುಳ್ಳಿನ ಮೇಲಿಂದಲೇ ಹತ್ತಿ ಮಡಿವಾಳಪ್ಪನ ಹಿತ್ತಲಿಗೆ ಧುಮುಕಿದ. ಅವನ ಲುಂಗಿಯ ಅರ್ಧ ಭಾಗ ಬೇಲಿಯ ಕಾವಲಿಗೆ ಅಲ್ಲೇ ಉಳಿಯಿತು. ಹಿತ್ತಲಲ್ಲಿ ಶಾವಿಗೆ ಒಣಗಿಸುತ್ತಿದ್ದ ಹೊನ್ನವ್ವ ಮುಖ ತಿರುಗಿಸಿ, “ಯವ್ವಾ! ಗೈಬಣ್ಣ, ಬಾಗಿಲಾ ಇಲ್ಲೇನೋ ನಮ್ಮ ಮನಿಗೆ?” ಎಂದು ಒಳಗಿನಿಂದ ಮಡಿವಾಳಪ್ಪನ ಹಳೆಯ ಧೋತರ ತಂದುಕೊಟ್ಟಳು. ಜೊತೆಗೆ ಎರಡು ಹೋಳಿಗೆ.

ಅವನು ಧೋತರ ಸುತ್ತಿಕೊಳ್ಳುತ್ತಿದ್ದಷ್ಟು ಹೊತ್ತಿನಲ್ಲಿ ಸಾಧು ಮುಂಬಾಗಿಲಿನಿಂದ, ಮರ್ಯಾದಸ್ಥರು ಬರುವ ಹಾಗೆ ಬಂದು, ಕರಿಯ ಹೇಂಟೆಯನ್ನು ಒಯ್ದಿತು.

“ಮೂರ!” ಎಂದಳು ಬಿಬಿಜಾನ. ಹೋಳಿಗೆ ನೋಡಿ ಅವಳಿಗೆ ಅಳು ಬಂತು. “ಹೆತ್ತ ಮಗಳಿಗೆ ಹೋಳಗಿ ಸಾರ ಮಾಡಿ ಕುಡಸ್ಲೇನ್ರಿ?”

ಆ ಅಳು ಗೈಬುಸಾಬನ ಎದೆಗೆ ನಾಟಿತು. ಮೂರು ದಿನ ಅವನು ಹಿಂಜುವ ಬಿಲ್ಲು ಮುಟ್ಟಲಿಲ್ಲ. ಶನಿವಾರ ಸಂಜೆ ಒಂದು ವಿಚಾರ ಹೊಳೆಯಿತು. ತನಗೆ ನ್ಯಾಯ ಗೊತ್ತಿಲ್ಲ, ಬೇಲಿ ಗೊತ್ತಿಲ್ಲ. ಗೊತ್ತಿದ್ದದ್ದು ಹತ್ತಿ ತುಂಬಿ ಹೊಲಿಯುವುದು. ಹಾಗಾದರೆ ಕೋಳಿಯನ್ನೇ ಹೊಲಿದರಾಯಿತು. ಮಾಂಜರಪಾಟದ ಬಿಳಿ ಅರಿವೆ ಕತ್ತರಿಸಿದ. ಒಳಗೆ ಹತ್ತಿ ತುಂಬಿದ. ಹತ್ತಿಯ ನಡುವೆ ಎರಡು ಹಿಡಿ ಹೊಸ ಖಾರಪುಡಿ ಇಟ್ಟ. ನಾಯಿ ಒಮ್ಮೆ ಕಚ್ಚಿದರೆ ಸಾಕು, ಜನ್ಮದಲ್ಲಿ ಕೋಳಿಯ ಹೆಸರೆತ್ತಬಾರದು. ಕೆಂಪು ಚಿಂದಿಯಿಂದ ಜುಟ್ಟು ಮಾಡಿದ. ಕೊನೆಗೆ ಶಾಜಾದಿಯ ಅಳಿದುಳಿದ ಸಣ್ಣ ಪುಕ್ಕಗಳನ್ನು ಹಿತ್ತಲೆಲ್ಲ ಹುಡುಕಿ ತಂದು ಒಂದೊಂದಾಗಿ ಚುಚ್ಚಿ ಕೂಡಿಸಿದ.

ಭಾನುವಾರ ಮಧ್ಯಾಹ್ನ ಅದನ್ನು ಅಂಗಳದಲ್ಲಿಟ್ಟು ದೂರ ನಿಂತು ನೋಡಿದ.

“ತೆಲಿದಿಂಬಿಗೆ ಕಾಲ ಬಂದಂಗ ಐತಿ,” ಎಂದಳು ಬಿಬಿಜಾನ.

ಆದರೆ ಮನೆಯ ಹುಂಜ ಹಾಗೆ ತಿಳಿಯಲಿಲ್ಲ. ಅದು ಒಂದು ರೆಕ್ಕೆ ನೆಲಕ್ಕೆ ತಾಗಿಸಿ ಹತ್ತಿಕೋಳಿಯ ಸುತ್ತ ಮೂರು ಸುತ್ತು ಬಂತು. ಕೆದರಿ ಕೆದರಿ ಕಾಳು ಹುಡುಕಿ ಅದರ ಮುಂದಿಟ್ಟಿತು. ಹತ್ತಿಕೋಳಿ ತಿನ್ನದೆ ಹೋದಾಗ, ನಾಚಿಕೆ ಇರಬೇಕೆಂದುಕೊಂಡು ಪಕ್ಕದಲ್ಲೇ ಕುಳಿತಿತು. ಗೈಬುಸಾಬನಿಗೆ ತನ್ನ ಕಸಬಿನ ಮೇಲೆ ಹಿಂದೆಂದೂ ಇಲ್ಲದ ಅಭಿಮಾನ ಉಂಟಾಯಿತು. “ಇದನ್ನ ನಾಳೆ ಮುಂಜಾನೆ ಗೂಡಿನ ಮುಂದ ಇಡು,” ಎಂದು ಹೆಂಡತಿಗೆ ಹೇಳಿದ.

ಅದೇ ಸಂಜೆ ಮಡಿವಾಳಪ್ಪ ಬಂದ. ಹಾಗೆ ಅವನು ತಾನಾಗಿ ಬಂದವನಲ್ಲ. ಬಾಗಿಲು ಅರ್ಧ ಮುಚ್ಚಿ ಹತ್ತಿಯ ರಾಶಿಯ ಮೇಲೆ ಕುಳಿತು, ಧ್ವನಿ ತಗ್ಗಿಸಿದ.

“ಗೈಬಣ್ಣ, ನಿನ್ನ ಎರಡೂ ಕೋಳಿ ತಿಂದದ್ದು ನಮ್ಮ ನಾಯೀನ. ನನಗ ಮೊದಲ ಗೊತ್ತಿತ್ತು.”

“ಹಂಗಾರ ಚಾವಡ್ಯಾಗ ಹತ್ತಿ ಅಂತ ಯಾಕ ಅಂದಿ?”

“ಮತ್ತೇನ ಮಾಡ್ಲಿ? ಸುತ್ತ ಹತ್ತ ಹಳ್ಳಿಗೆ ಹೇಳಿಕೊಂಡು ಅಡ್ಡಾಡೇನಿ. ಆ ಮಾತ ಇಂಡಿ ದಾಟಿ ಹೊರ್ತಿಗೆ ಮುಟ್ಟೇತಿ. ಅಲ್ಲಿ ಅಪ್ಪಾಸಾಬರಂತ ಅದಾರ. ಭಾಳ ಆಚಾರವಂತರು. ನಾಯಿ ಸೈತ ಇಷ್ಟ ಶುದ್ಧ ಇದ್ದ ಮನ್ಯಾಗ ಹುಡುಗಿ ಹ್ಯಾಂಗಿರಬೇಕು ಅಂತ ಹೇಳಿ ಮಗನಿಗೆ ನಮ್ಮ ಇಂದ್ರಾನ್ನ ನೋಡಾಕ ನಾಳೆ ಬರಾಕತ್ತಾರ.” ಮಡಿವಾಳಪ್ಪ ಗೈಬುಸಾಬನ ಕೈ ಹಿಡಿದ. “ನೀ ಬಂದು ಬಾಜೂಕ ಕುಂದರು. ಈ ನಾಯಿ ಕೋಳಿ ಮುಟ್ಟಂಗಿಲ್ಲ ಅಂತ ಒಂದ ಮಾತ ಅನ್ನು. ಕೋಳಿ ಸಾಕಿದವನ ಮಾತಿಗೆ ವಜನ ಇರತೈತಿ. ಲಗ್ನ ಗಟ್ಟಿ ಆದ ದಿವಸ ನಾಯಿಗೆ ಸರಪಳಿ ಹಾಕ್ತೇನಿ. ಉಳದ ಮೂರ ಕೋಳಿ ನಿನ್ನ ಮಗಳಿಗೆ ಮುಟ್ಟತಾವ.”

ಗೈಬುಸಾಬ ಸ್ವಲ್ಪ ಹೊತ್ತು ಹತ್ತಿ ಹಿಚುಕುತ್ತ ಕುಳಿತ. ಮಡಿವಾಳಪ್ಪನ ಮಗಳು ಇಂದ್ರಾಬಾಯಿಯೂ ತನ್ನ ರಹಿಮಾಬಿಯೂ ಅದೇ ಹತ್ತಿಯ ರಾಶಿಯ ಮೇಲೆ ಕುಣಿದು ಬೆಳೆದವರು.

“ಇಂದ್ರಾ ನಮ್ಮ ಕೈಯಾಗ ಆಡಿದ ಕೂಸು. ಬರ್ತೇನಿ ಹೋಗು,” ಎಂದ. ಎಲ್ಲವೂ ಸರಿಹೋಯಿತು. ಹತ್ತಿಕೋಳಿಯನ್ನು ಗೂಡಿನ ಮುಂದೆ ಇಡಬೇಡವೆಂದು ಬಿಬಿಜಾನಳಿಗೆ ಹೇಳುವುದೊಂದನ್ನು ಅವನು ಮರೆತ.

ಸೋಮವಾರ ಬೆಳಿಗ್ಗೆ ಹೊರ್ತಿಯ ಬೀಗರು, ದಾರಿಯಲ್ಲಿ ವಸತಿ ಮಾಡಿಕೊಂಡು, ಗಾಡಿಯಲ್ಲಿ ಬಂದರು. ಅಪ್ಪಾಸಾಬರು ಉದ್ದ ಆಳು. ಎರಡೂ ಕಣ್ಣಿಗೆ ಪೊರೆ ಬಂದು ಮುಂದಿನವರ ಆಕಾರ ಮಾತ್ರ ಕಾಣುತ್ತಿತ್ತು. ಹೆಂಡತಿ ಸಾವಂತ್ರವ್ವ ಕೈ ಹಿಡಿದು ತಂದು ಪಡಸಾಲೆಯ ಹೊಸ ಗಾದಿಯ ಮೇಲೆ ಕೂಡಿಸಿದಳು. ಸಾಧುವನ್ನು ಹೊನ್ನವ್ವ ಹಿತ್ತಲ ಗೂಟಕ್ಕೆ ಹಳೆಯ ಸೀರೆಯ ಅಂಚಿನಿಂದ ಕಟ್ಟಿದ್ದಳು. ಹುಡುಗಿಯನ್ನು ನೋಡುವ ಮೊದಲೇ ಅಪ್ಪಾಸಾಬರು ನಾಯಿಯ ವಿಚಾರ ತೆಗೆದರು.

“ಸೋಮವಾರ ಒಪ್ಪತ್ತ ಇರತೈತಂತಲ್ಲ?”

“ಶ್ರಾವಣದಾಗ ಮಾತ್ರರಿ,” ಎಂದ ಮಡಿವಾಳಪ್ಪ, ಹಣೆ ಒರೆಸಿಕೊಂಡು.

“ಬಾಜೂಕ ಕೋಳಿ ಸಾಕಿದವರು ಅದಾರಂತ ಕೇಳೇನಿ.”

“ನಾನರಿ ಅವ,” ಎಂದು ಗೈಬುಸಾಬ ಮುಂದೆ ಸರಿದ. ಒಂದು ಮಾತು ಆಡಿ ಸುಮ್ಮನಾಗಬೇಕಿತ್ತು. ಆದರೆ ಸುಳ್ಳು ಹೇಳಿ ರೂಢಿಯಿಲ್ಲದವನು. ಎಲ್ಲಿ ನಿಲ್ಲಿಸಬೇಕೆಂದು ತಿಳಿಯಲಿಲ್ಲ. “ನಮ್ಮ ಕೋಳಿ ಕಂಡ್ರ ಈ ನಾಯಿ ದಾರಿ ಬಿಟ್ಟು ನಿಲ್ಲತೈತ್ರಿ. ನಮ್ಮ ಹುಂಜ ಇದರ ಬೆನ್ನ ಮ್ಯಾಲ ಕುಂತು ಕೂಗತೈತ್ರಿ. ಹ್ಯಾಟಿ ತತ್ತಿ ಇಟ್ಟ ದಿವಸ ಇದು ಬಾಗಲಾಗ ಕಾವಲ ಕುಂದರತೈತ್ರಿ. ಮರಿಗೆ ಮೈ ಸರಿ ಇಲ್ಲಂದ್ರ...”

ಮಡಿವಾಳಪ್ಪ ಅವನ ತೊಡೆ ಜಿಗುಟಿದ. ಅಪ್ಪಾಸಾಬರು ಮಾತ್ರ ಕಣ್ಣು ಮುಚ್ಚಿ, “ಶಿವ ಶಿವ, ಎಂಥಾ ಜೀವ!” ಎಂದು ತಲೆದೂಗಿದರು.

ಆಗಲೇ ಆ ಜೀವ ಒಳಗೆ ಬಂತು.

ಕೊರಳಲ್ಲಿ ಸೀರೆಯ ಅಂಚು ಜೋತಾಡುತ್ತಿತ್ತು. ಬಾಯಲ್ಲಿ ಬಿಳಿಯ ಕೋಳಿ ಜೋತಾಡುತ್ತಿತ್ತು. ಅದರ ಹಿಂದೆಯೇ, ಮನಸ್ಸು ಕೊಟ್ಟವಳನ್ನು ಕಳೆದುಕೊಂಡ ಹುಂಜ ರೆಕ್ಕೆ ಬಡಿಯುತ್ತ, ಕಂಡ ಕಂಡವರನ್ನು ಕುಕ್ಕುತ್ತ ನುಗ್ಗಿತು.

“ಅಯ್ಯಯ್ಯ! ನಾಯಿ ಬಾಯಾಗ ಕೋಳಿ!” ಎಂದು ಸಾವಂತ್ರವ್ವ ಗಾದಿಯ ಮೇಲೆ ಎದ್ದು ನಿಂತಳು.

“ಏನಂದಿ? ಕೋಳಿ?” ಅಪ್ಪಾಸಾಬರ ಮುಖ ಕಪ್ಪಿಟ್ಟಿತು. ಕೈ ಬಡಿಗೆಗಾಗಿ ತಡವರಿಸಿತು. “ಏಳು. ಗಾಡಿ ಹೂಡಾಕ ಹೇಳು.”

ಒಳಬಾಗಿಲಲ್ಲಿ ಅವಲಕ್ಕಿಯ ತಾಟು ಹಿಡಿದಿದ್ದ ಇಂದ್ರಾಬಾಯಿಯ ಬಳೆಗಳು ಕಿಣಿಕಿಣಿ ಎಂದವು. ಗೈಬುಸಾಬ ಆ ಬಳೆಯ ಸದ್ದು ಕೇಳಿದ. ತಟ್ಟನೆ ಎದ್ದ.

“ಕೋಳಿ ಅಲ್ಲರಿ!” ಎಂದು ಕೂಗಿದ. “ಹತ್ತಿ! ದೇವರಾಣಿ, ಇದು ಹತ್ತಿ!”

ಹಾರಿ ಹೋಗಿ ಕೋಳಿಯ ಕಾಲು ಹಿಡಿದು ಎಳೆದ. ಸಾಧು ತಲೆಯ ಕಡೆಯಿಂದ ಎಳೆಯಿತು. ಗೈಬುಸಾಬನ ಹೊಲಿಗೆ ಎಂದೂ ಬಿಚ್ಚಿದ್ದಿಲ್ಲ, ಅಂದು ಬಿಚ್ಚಿತು. ಹತ್ತಿ ಪಡಸಾಲೆಯ ತುಂಬ ಹಾರಿತು. ಹತ್ತಿಯ ಹಿಂದೆ ಎರಡು ಹಿಡಿ ಖಾರಪುಡಿಯೂ ಹಾರಿತು.

ಮೊದಲು ಸಾಧು ಸೀನಿತು. ಆಮೇಲೆ ಅಪ್ಪಾಸಾಬರು. ಆಮೇಲೆ ಯಾರು ಯಾವಾಗ ಸೀನಿದರೆಂಬುದಕ್ಕೆ ಕ್ರಮ ಉಳಿಯಲಿಲ್ಲ. ಎಲ್ಲರ ಕಣ್ಣಲ್ಲೂ ಧಾರಾಕಾರ ನೀರು. ಸಾಧು ಉರಿಯುವ ಮೂಗನ್ನು ನೆಲಕ್ಕೆ ತಿಕ್ಕುತ್ತ ತಿಕ್ಕುತ್ತ ಹೋಗಿ ಅಪ್ಪಾಸಾಬರ ಪಾದದ ಮೇಲೆ ತಲೆಯಿಟ್ಟಿತು. ಹುಂಜ ಅದರ ಬೆನ್ನೇರಿ ನಿಂತು ಸಿಟ್ಟಿನಿಂದ ಕೂಗಿತು. ಸಾಧುವಿಗೆ ಹುಂಜನ ಕಡೆ ನೋಡಲು ಪುರಸೊತ್ತಿರಲಿಲ್ಲ.

“ಆಡಾಕಂತ ಅದಕ್ಕೊಂದ ಹತ್ತಿಕೋಳಿ ಮಾಡಿಕೊಟ್ಟೇನ್ರಿ,” ಎಂದ ಗೈಬುಸಾಬ ಸೀನಿನ ನಡುವೆ. “ಖರೆ ಕೋಳಿ ಬೆನ್ನ ಮ್ಯಾಲ ಐತಿ, ನೋಡ್ರಿ.”

ಅಪ್ಪಾಸಾಬರು ಬಗ್ಗಿ ತಡವಿದರು. ಒಂದು ಕೈಗೆ ಹತ್ತಿ ಸಿಕ್ಕಿತು. ಇನ್ನೊಂದು ಕೈಗೆ ನಾಯಿಯ ತಲೆ, ಅದರ ಮೇಲೆ ಹುಂಜನ ಕಾಲು.

“ಪಾದ ಹಿಡದೈತಿ,” ಎಂದರು ಗದ್ಗದರಾಗಿ. “ಈ ಮನಿ ಭಕ್ತಿ ಕಂಡು ಕಣ್ಣೀರ ನಿಲ್ಲವಲ್ದು. ಸಾವಂತ್ರಿ, ನಿನಗ?”

“ನನಗೂ ನಿಲ್ಲವಲ್ದ್ರಿ,” ಎಂದಳು ಸಾವಂತ್ರವ್ವ, ಸೆರಗಿನಲ್ಲಿ ಮೂಗು ಮುಚ್ಚಿಕೊಂಡು.

“ಹುಡುಗಿ ನಮಗ ಒಪ್ಪಿಗಿ. ಆದ್ರ ಒಂದ ಮಾತ ಐತಿ.” ಎಲ್ಲರೂ ಸೀನು ತಡೆದು ನಿಂತರು. “ಹುಡುಗಿ ಲಗ್ನ ಆದ ಮ್ಯಾಲ ಬರಲಿ. ನಾಯೀನ್ನ ಮಾತ್ರ ಇವತ್ತ ಕಳಸ್ರಿ.”

ಮಧ್ಯಾಹ್ನದ ಊಟದ ಮೇಲೆ ಸಾಧು ಹೊರ್ತಿಯ ಗಾಡಿಯಲ್ಲಿ, ಅಪ್ಪಾಸಾಬರ ಮಗ್ಗುಲಲ್ಲಿ ಕುಳಿತು ಹೋಯಿತು. ಗಾಡಿ ಕಣ್ಮರೆಯಾಗುವ ತನಕ ಮಡಿವಾಳಪ್ಪ ಕಟ್ಟೆಯ ಮೇಲೆ ನಿಂತಿದ್ದ. ಖಾರ ಇಳಿದು ಆಗಲೇ ಎರಡು ತಾಸಾಗಿತ್ತು. ಆದರೂ ಅವನ ಕಣ್ಣು ಒಣಗಿರಲಿಲ್ಲ.

ಮುಂದಿನ ತಿಂಗಳು ರಹಿಮಾಬಿ ಬಂದಳು, ಹೆತ್ತಳು, ಹೆಣ್ಣು ಕೂಸು. ಮೂರು ವಾರ ಮೂರು ಕೋಳಿಯ ಸಾರು ಕುಡಿದಳು. ನಾಲ್ಕನೆಯ ವಾರ ಹೊನ್ನವ್ವ ಬುಟ್ಟಿ ತುಂಬ ಅಂಟಿನುಂಡಿ ಮಾಡಿ ತಂದಳು, ಐದನೆಯ ವಾರ ತುಪ್ಪದಲ್ಲಿ ಹುರಿದ ಅಳವಿ ಬೀಜದ ಪಾಯಸ. “ಎರಡ ವಾರದ್ದು ನನ್ನ ಲೆಕ್ಕಕ್ಕ ಕೂಡತೈತಿ, ಬಿಬ್ಯಕ್ಕ,” ಎಂದಳು ಅಷ್ಟೇ. ರಹಿಮಾಬಿಯ ಸೊಂಟ ಗಟ್ಟಿಯಾಗಿಯೇ ಆಯಿತು. ಹುಂಜ ಒಂದಿಷ್ಟು ದಿನ ಕಾಳು ಬಿಟ್ಟು, ಆಮೇಲೆ ತಿನ್ನತೊಡಗಿತು.

ಒಂದು ಗುರುವಾರ ಹೊರ್ತಿಯಿಂದ ಕಾರ್ಡು ಬಂತು. ಅಪ್ಪಾಸಾಬರು ಸ್ವತಃ ಬರೆದದ್ದು. ಒಂದು ಸಾಲು ಇನ್ನೊಂದರ ಮೇಲೆ ಏರಿ ಕುಳಿತಿತ್ತು. ಮಡಿವಾಳಪ್ಪ ಅದನ್ನು ಹಿಡಿದು ಗೈಬುಸಾಬನ ಮನೆಗೆ ಓಡಿ ಬಂದು, ಬಾಗಿಲು ಹಾಕಿ ಓದಿದ:

“ಇತ್ತ ಎಲ್ಲ ಕ್ಷೇಮ. ತರುವಾಯ ಸಾಧು ಬಹಳ ಆನಂದದಿಂದ ಇದ್ದಾನೆ. ನಮ್ಮ ಊರಲ್ಲಿಯೂ ಹತ್ತಿಕೋಳಿ ಮಾಡುವವರು ಇದ್ದಂತೆ ತೋರುತ್ತದೆ. ಸಾವಂತ್ರವ್ವ ತವರಿಗೆ ಹೋದಾಗಿನಿಂದ ಎರಡು ಮೂರು ದಿನಕ್ಕೊಂದು ತಂದು ನನ್ನ ಕಾಲ ಬಳಿ ಇಡುತ್ತಾನೆ. ಕಣ್ಣು ಕಾಣದಿದ್ದರೂ ಕೈಗೆ ತಿಳಿಯುತ್ತದೆ. ಕೆಲಸ ನಿಮ್ಮ ಗೈಬುಸಾಬರದಕ್ಕಿಂತ ನಾಜೂಕು. ಒಳಗೆ ಎಲುಬು ಸಹ ಇಟ್ಟು ಹೊಲಿದಿದ್ದಾರೆ. ಈವರೆಗೆ ಏಳು ಆದವು. ಮೊಮ್ಮಕ್ಕಳಿಗೆ ಆಡಲು ಬೇಕಾಗುತ್ತವೆಂದು ಅಟ್ಟದ ಮೇಲೆ ಜೋಪಾನ ಮಾಡಿದ್ದೇನೆ. ಅಟ್ಟದಲ್ಲಿ ಇಲಿ ಸತ್ತಿರಬೇಕು, ವಾಸನೆ ಬಹಳ. ಸಾವಂತ್ರವ್ವ ತವರಿನಿಂದ ಭಾನುವಾರ ಬರುತ್ತಾಳೆ. ಬಂದ ಮೇಲೆ ಆಕೆಗೆ ತೋರಿಸಬೇಕು.”

ಲಗ್ನಕ್ಕೆ ಇನ್ನೂ ಇಪ್ಪತ್ತು ದಿನವಿತ್ತು.

“ಏಳ ಅಂದ್ಯಾ?” ಎಂದ ಗೈಬುಸಾಬ.

“ಏಳ.”

“ಶನಿವಾರ ಮುಂಜಾನೆ ಹೊರ್ತಿಗೆ ಮೋಟಾರ ಐತಿ. ಗಾದಿ ರಿಪೇರಿಗೆ ಬಂದೇನಿ ಅಂತ ಹೇಳಿ ಅಟ್ಟ ಹತ್ತತೇನಿ. ಆ ಏಳನ್ನೂ ತಗದು ಖರೆ ಹತ್ತಿಕೋಳಿ ಇಟ್ಟು ಬರ್ತೇನಿ. ಬಿಬಿ, ಮಾಂಜರಪಾಟ ತಗಿ.”

“ಖಾರಪುಡಿ ಹಾಕೂದ ಬ್ಯಾಡ್ರಿ,” ಎಂದಳು ಬಿಬಿಜಾನ, ಪೆಟ್ಟಿಗೆ ತೆರೆಯುತ್ತ.

ಅವನು ಸೂಜಿಗೆ ದಾರ ಪೋಣಿಸಿದ. ಆದರೆ ಹೊಲಿಗೆ ಹಾಕುವ ಮೊದಲು ಯಾಕೋ ಕೈ ನಿಂತಿತು. ಸೂಜಿಯನ್ನು ಟೊಪ್ಪಿಗೆಗೆ ಚುಚ್ಚಿ, ಎರಡೂ ಅಂಗೈ ಮೇಲೆತ್ತಿದ. ಮಡಿವಾಳಪ್ಪನೂ ಹತ್ತಿಯ ರಾಶಿಯ ಮೇಲೆ ನೆಟ್ಟಗೆ ಕುಳಿತು ಕಣ್ಣು ಮುಚ್ಚಿದ.

“ಮಾಲಕನೇ,” ಎಂದ ಗೈಬುಸಾಬ, “ಎಂಟನೇದು ಎಲ್ಲಿ ಐತೋ ಅದನ್ನ ಶನಿವಾರ ತನಾ ಕಾಯಿ. ನಮ್ಮ ಶಾಜಾದಿ, ಕರಿ ಹ್ಯಾಟಿ, ಹೊರ್ತಿಯ ಹೆಸರ ಗೊತ್ತಿಲ್ಲದ ಆ ಏಳೂ ಜೀವ, ಯಾರಿಗೂ ಕೇಡ ಬಗದವಲ್ಲ. ಹೋದಲ್ಲಿ ಅವಕ್ಕ ಶಾಂತಿ ಕೊಡು.”

“ಶಿವನೇ,” ಎಂದ ಮಡಿವಾಳಪ್ಪ, “ಎಲ್ಲಕ್ಕೂ ಶಾಂತಿ ಕೊಡು.”